ಹಿಮದ ರಸ್ತೆಗೆ ಯಾವ ಟಯರ್? ಶಿರಸಿ, ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಕೂತು ಹಿಮದ ಟಯರ್ ಬಗ್ಗೆ ಬರೆಯೋದು ನೋಡಿ ಕೆಲವರಿಗೆ ನಗು ಬರಬಹುದು. ನಮ್ಮಲ್ಲಿ ಬೀಳೋದು ಮಳೆ ಮಾತ್ರ. ಆದರೆ ನಮ್ಮ ಟಯರ್ ಅಂಗಡಿಯಲ್ಲಿ ಈ ಪ್ರಶ್ನೆ ಕೇಳುವವರು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗಿದ್ದಾರೆ. ಮಗ ಜರ್ಮನಿಯಲ್ಲಿ, ಮಗಳು ಕೆನಡಾದಲ್ಲಿ ಇರುವ ಅಪ್ಪಂದಿರದ್ದು ಒಂದು ಗುಂಪು. ಡಿಸೆಂಬರ್ ರಜೆಗೆ ಸ್ವಂತ ಕಾರಲ್ಲೇ ಮನಾಲಿ, ಕಾಶ್ಮೀರ ನೋಡಿ ಬರೋಣ ಅನ್ನುವ ಹುಡುಗರದ್ದು ಇನ್ನೊಂದು. ಕಾರವಾರದ ನೌಕಾನೆಲೆಯಿಂದ ರಜೆಗೆ ಊರಿಗೆ ಹೊರಡುವ ಹಿಮಾಚಲ, ಉತ್ತರಾಖಂಡದ ಕಡೆಯವರೂ ಆಗಾಗ ಬರುತ್ತಾರೆ. ಅವರು ಪ್ರಶ್ನೆ ಕೇಳೋದಿಲ್ಲ, ನನಗೇ ಪಾಠ ಹೇಳಿ ಹೋಗುತ್ತಾರೆ. ಕೆಳಗೆ ಬರೆದಿದ್ದರಲ್ಲಿ ಅವರಿಂದ ಕಲಿತದ್ದೂ ಇದೆ, ನಾನೇ ಜಾರಿ ಬಿದ್ದು ಕಲಿತದ್ದೂ ಇದೆ.

ಟಯರ್ ಹೊಸದು, ಬಟನ್ ಚೆನ್ನಾಗಿದೆ. ಹಿಮಕ್ಕೆ ಇಷ್ಟು ಸಾಲದಾ?

ಸಾಲದು. ಬಟನ್, ಅಂದರೆ ಟಯರ್ ಮೈಮೇಲಿನ ಉಬ್ಬು ಅಚ್ಚು, ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ನೋಡುತ್ತಾರೆ. ಚಳಿಯಲ್ಲಿ ಮೊದಲು ಕೈಕೊಡೋದು ರಬ್ಬರ್.

ಡಿಸೆಂಬರ್ ಬೆಳಿಗ್ಗೆ ಕಪಾಟಿನಲ್ಲಿಟ್ಟ ಕೊಬ್ಬರಿ ಎಣ್ಣೆ ಬಾಟಲಿ ನೆನಪು ಮಾಡಿಕೊಳ್ಳಿ. ನಿನ್ನೆ ಮಧ್ಯಾಹ್ನ ಸಲೀಸಾಗಿ ಸುರಿಯುತ್ತಿದ್ದ ಎಣ್ಣೆ ಇವತ್ತು ಬಾಟಲಿ ಬೋರಲು ಹಾಕಿದರೂ ಇಳಿಯೋದಿಲ್ಲ. ನಾವು ಇಲ್ಲಿ ಹಾಕುವ ಟಯರಿನ ರಬ್ಬರಿಗೂ ಹೆಚ್ಚು ಕಡಿಮೆ ಇದೇ ಗತಿ. ಇವಕ್ಕೆ ಹೊರದೇಶಗಳಲ್ಲಿ ಬೇಸಿಗೆ ಟಯರ್ ಅಂತಲೇ ಹೆಸರು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬೇಗ ಸವೆಯಬಾರದು, ಮೆತ್ತಗಾಗಬಾರದು ಅಂತ ಇವುಗಳ ರಬ್ಬರ್ ಹದ ಮಾಡಿರುತ್ತಾರೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಇಳಿದರೆ ಆ ರಬ್ಬರ್ ಬಿಗಿಯಾಗುತ್ತಾ ಹೋಗುತ್ತದೆ. ರಸ್ತೆಯ ಸಣ್ಣ ಸಣ್ಣ ಉಬ್ಬು ತಗ್ಗಿಗೆ ಅಂಟಿಕೊಳ್ಳುವ ಗುಣ ಕಳೆದುಕೊಳ್ಳುತ್ತದೆ. ಆಮೇಲೆ ಬಟನ್ ಎಷ್ಟು ಆಳ ಇದ್ದರೂ ಗಟ್ಟಿ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಹಾವಸೆ ಕಟ್ಟಿದ ಅಂಗಳದಲ್ಲಿ ನಡೆದ ಹಾಗೆ.

ಹಿಮಕ್ಕೆ, ಚಳಿಗೆ ಅಂತಲೇ ಮಾಡಿದ ವಿಂಟರ್ ಟಯರಿನಲ್ಲಿ ಸಹಜ ರಬ್ಬರ್ ಮತ್ತು ಸಿಲಿಕಾ ಪ್ರಮಾಣ ಜಾಸ್ತಿ. ಸೊನ್ನೆಗಿಂತ ಕೆಳಗೂ ಅದು ಮೆತ್ತಗೇ ಇರುತ್ತದೆ. 7 ಡಿಗ್ರಿಯ ಲೆಕ್ಕವನ್ನು ಗೆರೆ ಎಳೆದ ಹಾಗೆ ಹಿಡಿಯಬೇಡಿ. 8 ಡಿಗ್ರಿಗೆ ಸರಿ, 6 ಡಿಗ್ರಿಗೆ ಅಪಾಯ ಅಂತ ಇಲ್ಲ. ಟಯರ್ ಬದಲಿಸುವ ಕಾಲ ಬಂತು ಅಂತ ತಿಳಿಯೋಕೆ ಅದೊಂದು ಗುರುತು, ಅಷ್ಟೆ.

ಮೆತ್ತಗಿನ ರಬ್ಬರ್ ಸರಿ. ಆದರೆ ಹಿಮದ ಮೇಲೆ ಟಯರ್ ಹಿಡಿಯೋದು ಹೇಗೆ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಮಳೆಯಲ್ಲಿ ಬಟನ್ ನಡುವಿನ ಸಂದುಗಳು ನೀರನ್ನು ಹೊರಗೆ ಎಸೆಯಬೇಕು. ಹಿಮದಲ್ಲಿ ಉಲ್ಟಾ, ಆ ಸಂದುಗಳು ಹಿಮವನ್ನು ತುಂಬಿಕೊಂಡು ಇಟ್ಟುಕೊಳ್ಳಬೇಕು. ಹಿಮವನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಆಗುತ್ತದಲ್ಲ, ಅಂದರೆ ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ. ಬಟನ್ ಸಂದಿಯಲ್ಲಿ ಒತ್ತಿ ಕೂತ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದೆ. ವಿಂಟರ್ ಟಯರಿನ ಬಟನ್ ಸಂದಿಗಳು ಅಗಲ, ಆಳ ಇರೋದು ಇದಕ್ಕೇ.

ಇನ್ನೊಂದು ಗುಟ್ಟು ಬಟನ್‌ಗಳ ಮೇಲೆ ಬ್ಲೇಡಿನಿಂದ ಕೊಯ್ದ ಹಾಗೆ ಕಾಣುವ ನೂರಾರು ಸಣ್ಣ ಗೀರುಗಳಲ್ಲಿದೆ. ಅವಕ್ಕೆ ಸೈಪ್ ಅನ್ನುತ್ತಾರೆ. ಬ್ರೇಕ್ ಹಾಕಿದಾಗ, ತಿರುಗಿಸಿದಾಗ ಈ ಗೀರುಗಳು ಸ್ವಲ್ಪ ಬಾಯಿ ಬಿಡುತ್ತವೆ. ಒಂದೊಂದು ಗೀರಿಗೂ ಒಂದೊಂದು ಅಂಚು. ಆ ಅಂಚುಗಳು ಹಿಮವನ್ನು ಕಚ್ಚುತ್ತವೆ.

ಹಿಮ ಬೇರೆ, ಮಂಜುಗಡ್ಡೆ ಬೇರೆ ಅನ್ನೋದು ನಮ್ಮವರ ತಲೆಗೆ ಬೇಗ ಹೋಗೋದಿಲ್ಲ. ಫೋಟೋದಲ್ಲಿ ಎರಡೂ ಬಿಳಿ. ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ತುಳಿದರೆ ಒಣ ಡಾಂಬರಿನಲ್ಲಿ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಗಾಡಿಗಳು ಓಡಾಡಿ ಒತ್ತಿದ ಹಿಮದ ಮೇಲೆ 50 ಮೀಟರ್ ಬೇಕು. ಮಂಜುಗಡ್ಡೆ ಮೇಲೆ 100 ಮೀಟರಿನ ಹತ್ತಿರ ಹೋಗುತ್ತದೆ. ನೀವು ನೋಡಿ, ಯೋಚಿಸಿ, ಕಾಲು ಬ್ರೇಕಿಗೆ ಹೋಗುವ ಹೊತ್ತಿನ ದೂರ ಇದರಲ್ಲಿ ಸೇರಿಲ್ಲ. ಇನ್ನೂ ವಿಚಿತ್ರ ಅಂದರೆ, ಸೊನ್ನೆ ಡಿಗ್ರಿ ಆಸುಪಾಸಿನ ಮಂಜುಗಡ್ಡೆ ಮೈನಸ್ 20ರ ಮಂಜುಗಡ್ಡೆಗಿಂತ ಜಾಸ್ತಿ ಜಾರುತ್ತದೆ. ಕರಗೋಕೆ ಹೊರಟ ಗಡ್ಡೆಯ ಮೇಲೆ ತೆಳ್ಳಗೆ ನೀರು ನಿಂತಿರುತ್ತದೆ. ಚಳಿ ಕಮ್ಮಿ ಆಯ್ತು ಅಂತ ಖುಷಿಪಟ್ಟು ವೇಗ ಏರಿಸುವವರು ಸಿಕ್ಕಿಬೀಳೋದು ಇಲ್ಲೇ.

ನಮ್ಮ ಟಯರ್ ಬದಿಯಲ್ಲಿ ‘ಎಂ ಪ್ಲಸ್ ಎಸ್’ ಅಂತ ಬರೆದಿದೆ. ಇದೇ ಹಿಮದ ಟಯರ್ ಅಲ್ವಾ?

ಅಲ್ಲ. ಈ ಎರಡಕ್ಷರಕ್ಕೆ ನಾನು ಕೊಟ್ಟ ಬೆಲೆ ಒಂದು ಹೆಡ್‌ಲೈಟು, ಒಂದು ಬಂಪರು, ಹೆಂಡತಿಯ ಎರಡು ದಿನದ ಮೌನ.

ಎಂ ಪ್ಲಸ್ ಎಸ್ ಅಂದರೆ ಮಡ್ ಮತ್ತು ಸ್ನೋ, ಕೆಸರು ಮತ್ತು ಹಿಮ. ಬಟನ್ ಸಂದಿಗಳು ಇಷ್ಟಿವೆ, ಹೀಗಿವೆ ಅಂತ ತಯಾರಕರು ತಾವೇ ಹಾಕಿಕೊಳ್ಳುವ ಗುರುತು ಅದು. ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಲೇಬೇಕು ಅಂತಿಲ್ಲ. ರಬ್ಬರ್ ಯಾವುದು ಅನ್ನೋದನ್ನು ಅದು ಹೇಳೋದೇ ಇಲ್ಲ. ಎಸ್‌ಯುವಿಗಳಿಗೆ ಕಂಪನಿಯಿಂದಲೇ ಬರುವ ಎಷ್ಟೋ ಟಯರ್ ಮೇಲೆ ಇದು ಇರುತ್ತದೆ.

ಇಷ್ಟೆಲ್ಲ ಈಗ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮನಾಲಿಗೆ ಹೊರಟಾಗ, ಟಯರ್ ಮಾರಿಯೇ ಊಟ ಮಾಡುವ ನಾನು, ಸರಬರಾಜು ಮಾಡುವವನ ಮಾತು ನಂಬಿದೆ. ‘ಎಂ ಪ್ಲಸ್ ಎಸ್ ಇದೆ ಭಾವಾ, ಪಕ್ಕಾ ಸ್ನೋ ಟಯರ್’ ಅಂದ. ನಾಲ್ಕೂ ಹೊಸದು ಹಾಕಿಸಿಕೊಂಡು ಹೊರಟೆ. ಎರಡು ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ಏನೂ ತಕರಾರಿಲ್ಲ. ಸೋಲಂಗ್ ಕಡೆ ಹೋಗುವ ರಸ್ತೆಯಲ್ಲಿ, ಬಿಸಿಲು ಬೀಳದ ಒಂದು ತಿರುವು. ವೇಗ 20 ಇದ್ದಿರಬಹುದು. ಸ್ಟೇರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ತುಂಬಾ ನಿಧಾನವಾಗಿ, ಯಾರೋ ಕೈಹಿಡಿದು ಕರೆದುಕೊಂಡು ಹೋದ ಹಾಗೆ, ಕಲ್ಲಿನ ಕಟ್ಟೆಗೆ ಹೋಗಿ ಮುಟ್ಟಿತು. ಹಿಂದಿನಿಂದ ಬಂದ ಅಲ್ಲಿನ ಟ್ಯಾಕ್ಸಿಯವನು ಇಳಿದು ನನ್ನ ಟಯರ್ ನೋಡಿ, ಎಷ್ಟು ಕೊಟ್ಟಿರಿ ಅಂತ ಕೇಳಿದ. ಹೇಳಿದೆ. ಅವನು ಏನೂ ಅನ್ನಲಿಲ್ಲ. ಚಹಾ ಕುಡಿಸಿದ.

ನೀವು ಹುಡುಕಬೇಕಾದ ಗುರುತು ಬೇರೆ. ಮೂರು ಶಿಖರದ ಬೆಟ್ಟ, ಅದರೊಳಗೆ ಆರು ಮೂಲೆಯ ಹಿಮದ ಹರಳು. ಇದು ಅಮೆರಿಕ ಮತ್ತು ಕೆನಡಾದಲ್ಲಿ 1999ರ ಹೊತ್ತಿಗೆ ಬಳಕೆಗೆ ಬಂತು. ಈ ಗುರುತು ಬೇಕಿದ್ದರೆ ಟಯರನ್ನು ಒತ್ತಿದ ಹಿಮದ ಮೇಲೆ ಓಡಿಸಿ ಪರೀಕ್ಷಿಸಬೇಕು, ಹೋಲಿಕೆಗೆ ಇಟ್ಟ ಟಯರಿಗಿಂತ ನಿಗದಿಯಷ್ಟು ಜಾಸ್ತಿ ಹಿಡಿತ ತೋರಿಸಬೇಕು. ಹಾಗಂತ ಇದೂ ಹಿಮದ ಪರೀಕ್ಷೆಯೇ ಹೊರತು ಮಂಜುಗಡ್ಡೆಯದ್ದಲ್ಲ. ನನ್ನ ಗಾಡಿಗೆ ಆ ದಿನ ಮೂರು ಶಿಖರದ ಟಯರ್ ಇದ್ದಿದ್ದರೆ ಜಾರುತ್ತಲೇ ಇರಲಿಲ್ಲ ಅಂತ ನಾನು ಆಣೆ ಮಾಡಲಾರೆ.

ಖರ್ಚು ಜಾಸ್ತಿ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಆಗೋದಿಲ್ವಾ?

ಎರಡು ಹಾಕಿಸೋದಕ್ಕಿಂತ ಹಾಕಿಸದೇ ಇರೋದು ವಾಸಿ ಅಂತ ಅನ್ನಿಸುವಷ್ಟು ಕೆಟ್ಟ ಯೋಚನೆ ಇದು. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸೋದು ಮುಂದಿನ ಚಕ್ರವನ್ನು. ಅಲ್ಲಿ ವಿಂಟರ್ ಟಯರ್ ಹಾಕಿದರೆ ಗಾಡಿ ಸಲೀಸಾಗಿ ಹೊರಡುತ್ತದೆ. ನಿಮಗೆ ಧೈರ್ಯ ಬರುತ್ತದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಮುಟ್ಟುತ್ತೀರಿ. ಮುಂದಿನದು ಹಿಡಿಯಿತು, ಹಿಂದಿನದು ಹಿಡಿಯಲಿಲ್ಲ. ಗಾಡಿಯ ಹಿಂಭಾಗ ಮುಂದೆ ಬರೋಕೆ ಹೊರಡುತ್ತದೆ. ನಾಲ್ಕಕ್ಕೆ ನಾಲ್ಕೂ ಒಂದೇ ಜಾತಿ ಇರಲಿ, ಸವೆತವೂ ಹತ್ತಿರ ಹತ್ತಿರ ಒಂದೇ ಇರಲಿ.

ನನ್ನದು ಫೋರ್ ಬೈ ಫೋರ್. ನನಗೂ ಈ ಟಯರ್ ಬೇಕಾ?

ಬೇಕು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋದರೆ ಗಾಡಿ ಏರು ಹತ್ತುತ್ತದೆ, ಹೂತಲ್ಲಿಂದ ಹೊರಗೆ ಬರುತ್ತದೆ. ನಿಲ್ಲಿಸುವಾಗ ಅದರಿಂದ ಏನೂ ಲಾಭ ಇಲ್ಲ. ಬ್ರೇಕ್ ಎಲ್ಲ ಕಾರಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ ಅಲ್ವಾ? ಮೇಲಾಗಿ ನಿಮ್ಮ ಗಾಡಿ ಭಾರ.

ಅಗಲದ ಟಯರ್ ಹಾಕಿದರೆ ಗ್ರಿಪ್ ಜಾಸ್ತಿ ಬರುತ್ತದಾ?

ಒಣ ರಸ್ತೆಯಲ್ಲಿ ಆ ಮಾತಿಗೆ ಅರ್ಥ ಇದೆ. ಹಿಮದಲ್ಲಿ ಕಿರಿದಾದ ಟಯರೇ ಒಳ್ಳೆಯದು. ಅದು ಮೇಲಿನ ಸಡಿಲ ಹಿಮವನ್ನು ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ್ದು ಮೇಲೇ ತೇಲುತ್ತದೆ. ಹಾಗಂತ ನಿಮಗೆ ಇಷ್ಟ ಬಂದ ಅಳತೆ ಹಾಕುವ ಹಾಗಿಲ್ಲ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಒಪ್ಪಿದ ಅಳತೆಗಳಲ್ಲಿ ಸಣ್ಣದನ್ನು ಆರಿಸಿ.

ಅಳತೆ ಓದೋದು ಸುಲಭ. 185/65 ಆರ್ 15 88 ಹೆಚ್ ಅಂತ ಇದ್ದರೆ ಅಗಲ 185 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ ನೂರಕ್ಕೆ 65ರಷ್ಟು, ಆರ್ ಅಂದರೆ ರೇಡಿಯಲ್ (ಈಗಿನ ಕಾರುಗಳ ಮಾಮೂಲಿ ಬಗೆಯ ಟಯರ್), 15 ಅಂದರೆ ಡಿಸ್ಕಿನ, ಅಂದರೆ ಟಯರ್ ಕೂರುವ ಲೋಹದ ಚಕ್ರದ, ಅಡ್ಡಳತೆ ಇಂಚಿನಲ್ಲಿ. 88 ಅನ್ನೋದು ಒಂದು ಟಯರ್ ಹೊರುವ ಭಾರ, 560 ಕಿಲೋ. ಹೆಚ್ ಅಂದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ ತಡೆಯುತ್ತದೆ ಅಂತ. ವಿಂಟರ್ ಟಯರಲ್ಲಿ ಟಿ (190) ಅಥವಾ ಕ್ಯೂ (160) ಕಾಣಬಹುದು. ಅದಕ್ಕೆ ಬೇಜಾರು ಬೇಡ, ಹಿಮದಲ್ಲಿ 160 ಓಡಿಸುವವರಿಗೆ ಟಯರ್ ಅಂಗಡಿಯವರು ಸಹಾಯ ಮಾಡಲಾರರು. ಭಾರದ ಅಂಕಿ ಮಾತ್ರ ಕಮ್ಮಿ ಆಗಬಾರದು.

ಮಗ ಜರ್ಮನಿಗೆ ಹೋಗಿದ್ದಾನೆ, ಹಳೇ ಕಾರು ತಗೊಂಡಿದ್ದಾನೆ. ಅಲ್ಲಿ ಕಾನೂನು ಏನು?

ಜರ್ಮನಿಯಲ್ಲಿ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಅಂತ ಇಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ, ಕರಗಿದ ಹಿಮದ ರಾಡಿ ಇದ್ದರೆ ವಿಂಟರ್ ಟಯರ್ ಇರಲೇಬೇಕು. ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸ್ ಮೇಲೆ ಒಂದು ಪೆನಾಲ್ಟಿ ಪಾಯಿಂಟ್. ಅಲ್ಲಿನವರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಅಂತ ಬಾಯಿಪಾಠ ಮಾಡಿಕೊಂಡಿದ್ದಾರೆ. 2024ರ ಅಕ್ಟೋಬರಿನಿಂದ ಮೂರು ಶಿಖರದ ಗುರುತು ಇದ್ದದ್ದೇ ವಿಂಟರ್ ಟಯರ್, ಬರೀ ಎಂ ಪ್ಲಸ್ ಎಸ್ ಲೆಕ್ಕಕ್ಕಿಲ್ಲ. ಹಳೇ ಕಾರಿನ ಜೊತೆ ‘ವಿಂಟರ್ ಟಯರ್ ಫ್ರೀ’ ಅಂತ ಕೊಟ್ಟಿದ್ದರೆ ಮಗನಿಗೆ ಫೋನ್ ಮಾಡಿ ಈ ಗುರುತು ನೋಡೋಕೆ ಹೇಳಿ.

ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ನಡುವೆ, ರಸ್ತೆ ಹಿಮದ್ದಾಗಿದ್ದರೆ ಬೇಕೇ ಬೇಕು. ರೇಡಿಯಲ್ ವಿಂಟರ್ ಟಯರಿನ ಬಟನ್ ಆಳ 4 ಮಿಲಿಮೀಟರಿಗಿಂತ ಕಮ್ಮಿ ಆದರೆ ಅದನ್ನು ವಿಂಟರ್ ಟಯರ್ ಅಂತಲೇ ಎಣಿಸೋದಿಲ್ಲ.

ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ. ಮಾಂಟ್ರಿಯಲ್ ಇರುವ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ, ಹಿಮ ಬೀಳಲಿ ಬಿಡಲಿ. ಟೊರಾಂಟೊ ಇರುವ ಒಂಟಾರಿಯೊದಲ್ಲಿ ಕಡ್ಡಾಯ ಅಲ್ಲ, ಆದರೆ ಹಾಕಿಸಿದರೆ ಇನ್ಶೂರೆನ್ಸ್ ಕಂಪನಿ ರಿಯಾಯಿತಿ ಕೊಡಬೇಕು. ನಮ್ಮ ಮಕ್ಕಳು ಈ ರಿಯಾಯಿತಿ ಕೇಳೋದನ್ನೇ ಮರೆಯುತ್ತಾರೆ. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದಲೇ ನಿಯಮ ಶುರು.

ನಮ್ಮ ದೇಶದಲ್ಲಿ ಕಾರಿಗೆ ವಿಂಟರ್ ಟಯರ್ ಹಾಕಲೇಬೇಕು ಅನ್ನೋ ಕಾನೂನು ಇಲ್ಲ. ಬಟನ್ 1.6 ಮಿಲಿಮೀಟರಿಗಿಂತ ಸವೆಯಬಾರದು, ಅಷ್ಟೆ. ಹಿಮಕ್ಕೆ ಆ 1.6 ಯಾವ ಮೂಲೆಗೂ ಸಾಲದು. 4 ಮಿಲಿಮೀಟರ್ ಆದರೂ ಇರಬೇಕು.

ಅಲ್ಲಿ ವರ್ಷಕ್ಕೆ ಎರಡು ಸಲ ಟಯರ್ ಬದಲಿಸ್ತಾರಂತೆ. ಬಿಚ್ಚಿದ್ದನ್ನು ಎಲ್ಲಿಡ್ತಾರೆ?

ಗ್ಯಾರೇಜಿನಲ್ಲಿ, ನೆಲಮಾಳಿಗೆಯಲ್ಲಿ. ಜಾಗ ಇಲ್ಲದವರು ಟಯರ್ ಅಂಗಡಿಯಲ್ಲೇ ಬಾಡಿಗೆ ಕೊಟ್ಟು ಇಡುತ್ತಾರೆ. ಜರ್ಮನಿಯಲ್ಲಿ ಅದಕ್ಕೆ ಟಯರ್ ಹೋಟೆಲ್ ಅಂತಲೇ ಹೆಸರು. ಇನ್ನೊಂದು ಜೊತೆ ಡಿಸ್ಕ್ ತೆಗೆದುಕೊಂಡು ವಿಂಟರ್ ಟಯರನ್ನು ಅದಕ್ಕೇ ಕೂರಿಸಿಟ್ಟರೆ ಪ್ರತಿ ಸಲ ಬಿಚ್ಚಿ ಹಾಕುವ ಕೂಲಿ ಉಳಿಯುತ್ತದೆ, ಟಯರಿನ ಅಂಚೂ ಹಾಳಾಗೋದಿಲ್ಲ. ಎರಡು ಜೊತೆ ಇದ್ದರೆ ಸವೆತವೂ ಹಂಚಿಹೋಗುತ್ತದೆ, ಹಾಗಾಗಿ ಖರ್ಚು ಕಂಡಷ್ಟು ದೊಡ್ಡದಲ್ಲ.

ಆಲ್ ಸೀಸನ್ ಟಯರ್ ಹಾಕಿ ಈ ತಲೆಬಿಸಿಯೇ ಇಲ್ಲದ ಹಾಗೆ ಮಾಡಿದರೆ?

ಹಿಮ ವರ್ಷಕ್ಕೆ ನಾಲ್ಕಾರು ದಿನ ಬಿದ್ದು ಕರಗುವ ಊರಲ್ಲಿ ಅದು ಒಳ್ಳೆಯ ಆಯ್ಕೆ. ಆದರೆ ಅಲ್ಲೂ ಮೂರು ಶಿಖರದ ಗುರುತು ನೋಡಿಯೇ ತಗೊಳ್ಳಬೇಕು. ನಾಲ್ಕು ತಿಂಗಳು ಹಿಮ ನಿಲ್ಲುವ ಕಡೆ ನಾನು ಒಪ್ಪೋದಿಲ್ಲ. ನಮ್ಮ ಅಪೋಲೋ ಕಂಪನಿ 2009ರಲ್ಲಿ ಕೊಂಡ ನೆದರ್‌ಲೆಂಡ್ಸ್‌ನ ವ್ರೆಡೆಸ್ಟೈನ್ ಇಂಥ ಟಯರಿಗೆ ಹೆಸರಾದದ್ದು. ಯುರೋಪಿನಲ್ಲಿ ಇರುವ ಮಕ್ಕಳಿಗೆ ಈ ಹೆಸರು ಅಂಗಡಿಯಲ್ಲಿ ಸಿಗುತ್ತದೆ.

ಮೊಳೆ ಹೊಡೆದ ಟಯರ್ ಇರ್ತದಂತೆ, ಹೌದಾ?

ಹೌದು. ಬಟನ್‌ಗಳಲ್ಲಿ ಸಣ್ಣ ಲೋಹದ ಮೊಳೆ ಕೂರಿಸಿರುತ್ತಾರೆ. ಮಂಜುಗಡ್ಡೆಯ ಮೇಲೆ ಇದರಷ್ಟು ಹಿಡಿಯುವ ಟಯರ್ ಇನ್ನೊಂದಿಲ್ಲ. ಫಿನ್‌ಲೆಂಡ್, ಸ್ವೀಡನ್, ನಾರ್ವೆಯಲ್ಲಿ ಚಳಿಗಾಲದಲ್ಲಿ ಬಳಸಬಹುದು. ಜರ್ಮನಿಯಲ್ಲಿ ನಿಷೇಧ, ಯಾಕೆಂದರೆ ಬರೀ ಡಾಂಬರಿನ ಮೇಲೆ ಓಡಿಸಿದರೆ ರಸ್ತೆಯನ್ನೇ ಕೆರೆದು ಹಾಕುತ್ತದೆ. ಗಲಾಟೆಯೂ ಜಾಸ್ತಿ. ವಿಂಟರ್ ಟಯರಿನ ತವರು ಮನೆಯೇ ಫಿನ್‌ಲೆಂಡ್. ಈಗ ನೋಕಿಯಾನ್ ಅಂತ ಕರೆಯುವ ಕಂಪನಿ 1934ರಲ್ಲಿ ಲಾರಿಗೆ ಹಿಮದ ಟಯರ್ ಮಾಡಿತು, 1936ರಲ್ಲಿ ಕಾರಿಗೆ ಮಾಡಿತು. ನಮ್ಮ ಕಡೆಯ ಅಜ್ಜಂದಿರು ಎತ್ತಿನ ಗಾಡಿ ಕಟ್ಟಿಕೊಂಡು ಘಟ್ಟ ಇಳಿಯುತ್ತಿದ್ದ ಕಾಲ ಅದು.

ಜನವರಿಯಲ್ಲಿ ಶಿರಸಿಯಿಂದ ನಮ್ಮ ಕಾರಲ್ಲೇ ಮನಾಲಿಗೆ ಹೋಗ್ತಿದ್ದೇವೆ. ವಿಂಟರ್ ಟಯರ್ ಹಾಕಿಸಿ ಕೊಡ್ತೀರಾ?

ವ್ಯಾಪಾರ ಹೋದರೂ ಪರವಾಗಿಲ್ಲ, ಬೇಡ ಅಂತಲೇ ಹೇಳುತ್ತೇನೆ. ಹೋಗಿ ಬರುವ ಸಾವಿರಾರು ಕಿಲೋಮೀಟರಿನಲ್ಲಿ ಹಿಮ ಸಿಗೋದು ಕೊನೆಯ ಸ್ವಲ್ಪ ದೂರ. ಉಳಿದದ್ದೆಲ್ಲ ಒಣ ಹೆದ್ದಾರಿ, ಮಧ್ಯಾಹ್ನದ ಬಿಸಿಲು. ಆ ಮೆತ್ತಗಿನ ರಬ್ಬರ್ ದಾರಿಯಲ್ಲೇ ತೇಯ್ದು ಹೋಗುತ್ತದೆ. ಬಿಸಿ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ನಿಲ್ಲುವ ದೂರವೂ ಜಾಸ್ತಿ. ಹಿಮದ ಹತ್ತು ಕಿಲೋಮೀಟರ್ ಕ್ಷೇಮಕ್ಕಾಗಿ ಹೆದ್ದಾರಿಯ ಸಾವಿರ ಕಿಲೋಮೀಟರ್ ಅಪಾಯ ಮಾಡಿಕೊಂಡ ಹಾಗೆ.

ನಾಲ್ಕೂ ಟಯರ್ ಬಟನ್ 4 ಮಿಲಿಮೀಟರಿಗಿಂತ ಜಾಸ್ತಿ ಇರಲಿ. ಸ್ಟೆಪ್ನಿ ನೋಡಿಕೊಳ್ಳಿ, ಅದನ್ನು ಯಾರೂ ನೋಡೋದಿಲ್ಲ. ಹಿಮದಲ್ಲಿ ಟಯರಿಗೆ ಸುತ್ತುವ ಚೈನ್ ಒಂದು ಜೊತೆ ಡಿಕ್ಕಿಯಲ್ಲಿರಲಿ. ಹಿಮ ಬಿದ್ದಿದ್ದರೆ ಕಾರನ್ನು ಮನಾಲಿಯಲ್ಲಿ ನಿಲ್ಲಿಸಿ, ಅಲ್ಲಿನ ಫೋರ್ ಬೈ ಫೋರ್ ಟ್ಯಾಕ್ಸಿ ಮಾಡಿ. ಅವರಿಗೆ ಯಾವ ತಿರುವಿನಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ ಅಂತ ಗೊತ್ತಿರುತ್ತದೆ. ನಮಗೆ ದೇವಿಮನೆ ಘಾಟಿಯ ತಿರುವು ಗೊತ್ತಿದ್ದ ಹಾಗೆ. ಜಾಸ್ತಿ ಹಿಮ ಬಿದ್ದ ದಿನ ಪೊಲೀಸರೂ ಚೈನ್ ಹಾಕಿದ ಗಾಡಿ, ಫೋರ್ ಬೈ ಫೋರ್ ಬಿಟ್ಟು ಬೇರೆಯದನ್ನು ಮುಂದೆ ಬಿಡೋದಿಲ್ಲ. ಕಾಶ್ಮೀರದ ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಹತ್ತುವಾಗಲೂ ಚಳಿಗಾಲದಲ್ಲಿ ಇದೇ ಕಥೆ.

ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆದ ಮೇಲೆ ನಮ್ಮವರ ಧೈರ್ಯ ಜಾಸ್ತಿ ಆಗಿದೆ. 9.02 ಕಿಲೋಮೀಟರಿನ ಸುರಂಗದ ಒಳಗೆ ರಸ್ತೆ ಒಣಗಿರುತ್ತದೆ. ಅದೇ ವೇಗದಲ್ಲಿ ಹೊರಗೆ ಬಂದರೆ ಬಾಯಿಯಲ್ಲೇ ಮಂಜುಗಡ್ಡೆ ಇರಬಹುದು. ಅದು ಮೂರು ಸಾವಿರ ಮೀಟರಿಗಿಂತ ಎತ್ತರದ ಜಾಗ ಅನ್ನೋದು ಮರೆಯಬಾರದು.

ಚೈನ್ ಯಾವ ಚಕ್ರಕ್ಕೆ ಹಾಕೋದು? ಹೇಗೆ?

ಎಂಜಿನ್ ತಿರುಗಿಸುವ ಚಕ್ರಕ್ಕೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು. ಫೋರ್ ಬೈ ಫೋರ್ ಆದರೆ ಗಾಡಿಯ ಪುಸ್ತಕ ನೋಡಿ. ಕೆಲವು ಗಾಡಿಗಳಲ್ಲಿ ಟಯರಿಗೂ ಒಳಗಿನ ಭಾಗಕ್ಕೂ ಚೈನ್ ಹಿಡಿಸುವಷ್ಟು ಜಾಗವೇ ಇರೋದಿಲ್ಲ, ಅದನ್ನೂ ಪುಸ್ತಕ ಹೇಳುತ್ತದೆ. ಟಯರಿನ ಅಳತೆ ಹೇಳಿ ಚೈನ್ ಕೊಳ್ಳಿ.

ಕೊಂಡ ಮೇಲೆ ಮನೆಯ ಅಂಗಳದಲ್ಲಿ ಎರಡು ಸಲ ಹಾಕಿ, ಬಿಚ್ಚಿ. ಅಕ್ಕಪಕ್ಕದವರು ನಗಲಿ ಬಿಡಿ. ಕೈಬೆರಳು ಮರಗಟ್ಟಿದಾಗ, ಕತ್ತಲಲ್ಲಿ, ಹಿಂದಿನ ಗಾಡಿಗಳು ಹಾರ್ನ್ ಹಾಕುತ್ತಿರುವಾಗ ಮೊದಲ ಸಲ ಕಲಿಯೋಕೆ ಆಗೋದಿಲ್ಲ. ರಬ್ಬರ್ ಹಾಸು ಒಂದನ್ನು ಇಟ್ಟುಕೊಂಡರೆ ಮಂಡಿ ಊರೋಕೆ ಅನುಕೂಲ. ಹಾಕಿ ಸ್ವಲ್ಪ ದೂರ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ವೇಗ 40 ದಾಟಬಾರದು. ಡಾಂಬರ್ ಕಂಡ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಚೈನೂ ಹೋಗುತ್ತದೆ, ಟಯರೂ ಹೋಗುತ್ತದೆ.

ಕಾರವಾರದ ಬೀಚ್ ಮರಳಲ್ಲಿ ಗಾಡಿ ಹೂತರೆ ಟಯರಿನ ಗಾಳಿ ಇಳಿಸ್ತೇವೆ. ಹಿಮದಲ್ಲೂ ಹಾಗೇ ಮಾಡೋದಾ?

ರಸ್ತೆಯ ಹಿಮದಲ್ಲಿ ಬೇಡ. ಮರಳಿನ ಮೇಲೆ ಟಯರ್ ಅಗಲವಾಗಿ ತೇಲಬೇಕು. ಹಿಮದಲ್ಲಿ ಒತ್ತಿಕೊಂಡು ಕೆಳಗೆ ಇಳಿಯಬೇಕು ಅಂತ ಮೇಲೆ ಹೇಳಿದೆನಲ್ಲ. ಗಾಡಿಯ ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲಿ ಎಷ್ಟು ಹೇಳಿದೆಯೋ ಅಷ್ಟೇ ಇರಲಿ.

ಗಾಳಿಯ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಕಾರವಾರದ 30 ಡಿಗ್ರಿ ಸೆಖೆಯಲ್ಲಿ 33 ಪಾಯಿಂಟ್ (ಪಿಎಸ್‌ಐ) ಗಾಳಿ ಹಾಕಿಸಿದಿರಿ ಅನ್ನಿ. ಸೊನ್ನೆ ಡಿಗ್ರಿ ಚಳಿಗೆ ಗಾಳಿ ಕುಗ್ಗಿ 28ರ ಹತ್ತಿರ ಇಳಿಯುತ್ತದೆ. ಆದರೆ ಮನಾಲಿ ಸುಮಾರು ಎರಡು ಸಾವಿರ ಮೀಟರ್ ಎತ್ತರ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಮ್ಮಿ, ಹಾಗಾಗಿ ಮೀಟರ್ 3 ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಎರಡೂ ಸೇರಿ 31ರ ಆಸುಪಾಸು. ಈ ಕೂಡು ಕಳೆಯುವ ಲೆಕ್ಕ ನಂಬಿ ಕೂರಬೇಡಿ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟಯರ್ ತಣ್ಣಗಿದ್ದಾಗ ಅಲ್ಲೇ ಅಳೆಯಿರಿ. ವಾಪಸ್ ಬರುವಾಗ ಬಯಲಿಗೆ ಇಳಿದ ಮೇಲೆ ಇನ್ನೊಮ್ಮೆ.

ನೈಟ್ರೋಜನ್ ಹಾಕಿಸಿದರೆ ಚಳಿಗೆ ಕುಗ್ಗೋದಿಲ್ಲ ಅನ್ನೋದು ಸುಮ್ನೆ ಮಾತು. ಸಾದಾ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ಎರಡೂ ಒಂದೇ ರೀತಿ ಕುಗ್ಗುತ್ತವೆ.

ಸೆಕೆಂಡ್ ಹ್ಯಾಂಡ್ ವಿಂಟರ್ ಟಯರ್ ತಗೊಳ್ಳಬಹುದಾ?

ಹೊರದೇಶದಲ್ಲಿ ಓದೋಕೆ ಹೋದ ಹುಡುಗರು ಇದನ್ನೇ ಮಾಡುತ್ತಾರೆ, ತಪ್ಪಲ್ಲ. ಟಯರ್ ಬದಿಯಲ್ಲಿ ಡಿಓಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 4121 ಅಂದರೆ 2021ನೇ ವರ್ಷದ 41ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬಿಟ್ಟುಬಿಡಿ ಅಂತ ನನ್ನ ಮಾತು. ಬಟನ್ ಎಷ್ಟೇ ಇರಲಿ, ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಅದು ಹೆಸರಿಗೆ ಮಾತ್ರ ವಿಂಟರ್ ಟಯರ್. ಉಗುರಿನಿಂದ ಒತ್ತಿ ನೋಡಿ. ಬದಿಯಲ್ಲಿ ಬಿರುಕು, ಉಬ್ಬು ಇದ್ದರೆ ಮುಟ್ಟಬೇಡಿ. ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಬಾಣ ಮುಂದಕ್ಕೆ ತಿರುಗುವ ಹಾಗೆ ಕೂರಿಸಿದ್ದಾರಾ ನೋಡಬೇಕು. ಅಂಗಡಿಯವರೂ ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೇನೆ.

ಒಳ್ಳೆ ಟಯರ್ ಇದೆ, ಆದರೂ ಗಾಡಿ ಜಾರೋಕೆ ಶುರುವಾಯ್ತು. ಆಗ?

ಮೊದಲು ಆಕ್ಸಿಲರೇಟರ್ ಬಿಡಿ. ಕಣ್ಣು ಹೋಗಬೇಕಾದ ಕಡೆಗಿರಲಿ, ಕಂದಕದ ಕಡೆಗಲ್ಲ. ಸ್ಟೇರಿಂಗ್ ಅದೇ ಕಡೆಗೆ ಮೆಲ್ಲಗೆ ತಿರುಗಿಸಿ. ಗಾಡಿಯ ಮುಂಭಾಗ ತಿರುಗದೆ ನೇರ ಹೋಗುತ್ತಿದ್ದರೆ ಇನ್ನೂ ಜಾಸ್ತಿ ತಿರುಗಿಸಿ ಪ್ರಯೋಜನ ಇಲ್ಲ, ಸ್ವಲ್ಪ ಸಡಿಲ ಬಿಟ್ಟರೆ ಟಯರ್ ಮತ್ತೆ ಹಿಡಿಯಬಹುದು. ಜಾಸ್ತಿ ತಿರುಗಿಸಿದ್ದೇ ನಾನು ಮಾಡಿದ ತಪ್ಪು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಬ್ರೇಕ್ ಒತ್ತಿ ಹಿಡಿಯಿರಿ, ಕಾಲಿಗೆ ಗಡಗಡ ಅಂತ ಹೊಡೆದರೆ ಹೆದರಿ ಕಾಲು ತೆಗೆಯಬೇಡಿ.

ಹೊರಡುವಾಗ ಎರಡನೇ ಗೇರ್, ಇಳಿಯುವಾಗ ಸಣ್ಣ ಗೇರ್. ನೆರಳಿನ ತಿರುವು, ಸೇತುವೆ, ಗುಡ್ಡದ ನೀರು ರಸ್ತೆಗೆ ಹರಿಯುವ ಜಾಗದಲ್ಲಿ ಹುಷಾರು. ರಾತ್ರಿ ಹರಿದ ನೀರು ಬೆಳಿಗ್ಗೆ ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಕಪ್ಪು ಡಾಂಬರ್ ಒದ್ದೆ ಆಗಿದೆ ಅಂತ ಮಾತ್ರ ಕಾಣುತ್ತದೆ.

ವಿಂಟರ್ ಟಯರ್ ನಮ್ಮ ಮಳೆಗಾಲಕ್ಕೆ ಹಾಕಿದರೆ ಚಲೋ ಅಲ್ವಾ? ಘಾಟಿಯಲ್ಲಿ ಜಾರೋದು ತಪ್ಪಬಹುದು.

ಈ ಪ್ರಶ್ನೆ ಕೇಳಿದವರು ಬುದ್ಧಿವಂತರು, ಆದರೂ ಉತ್ತರ ಇಲ್ಲ ಅಂತಲೇ. ನಮ್ಮ ಜುಲೈ ಮಳೆಯಲ್ಲೂ ಚಳಿ 20 ಡಿಗ್ರಿಗಿಂತ ಕೆಳಗೆ ಇಳಿಯೋದು ಅಪರೂಪ. ಆ ಹದಕ್ಕೆ ವಿಂಟರ್ ರಬ್ಬರ್ ತೀರಾ ಮೆತ್ತಗೆ. ಬಟನ್‌ಗಳು ಬಳುಕುತ್ತವೆ, ಬ್ರೇಕ್ ಹಾಕಿದಾಗ ಗಾಡಿ ತಡವಾಗಿ ನಿಲ್ಲುತ್ತದೆ.

ಅರಬೈಲ್ ಘಾಟಿಗೆ, ದೇವಿಮನೆಗೆ, ಅಣಶಿ ರಸ್ತೆಗೆ ಬೇಕಾದದ್ದು ನೀರನ್ನು ಚೆನ್ನಾಗಿ ಹೊರಗೆ ಹಾಕುವ ಮಾಮೂಲಿ ಟಯರ್, ಉದ್ದಕ್ಕೆ ಆಳವಾದ ಸಂದುಗಳಿರುವಂಥದ್ದು. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಸವೆದ ಟಯರ್ ನೀರಿನ ಮೇಲೇ ತೇಲಿಬಿಡುತ್ತದೆ, ಸ್ಟೇರಿಂಗ್ ಹಗುರ ಆಗುತ್ತದೆ. ಜೂನಿನ ಮೊದಲ ಮಳೆ ಇನ್ನೂ ಕೆಟ್ಟದ್ದು. ಲಾರಿಗಳು ಸುರಿಸಿದ ಡೀಸೆಲ್ಲು, ಎಣ್ಣೆ, ಧೂಳು ಎಲ್ಲ ಸೇರಿ ರಸ್ತೆ ಸಾಬೂನು ಹಚ್ಚಿದ ಹಾಗಿರುತ್ತದೆ. ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆ ನೆನೆದು ಹರಡಿದ್ದರೆ ಅದರ ಮೇಲೆ ಯಾವ ಟಯರೂ ನಿಲ್ಲೋದಿಲ್ಲ.

ಹಾಗಾಗಿ ಮೇ ಕೊನೆಯ ವಾರ ಟಯರ್ ನೋಡಿಸಿಕೊಳ್ಳಿ. ಬಟನ್ ಸಂದುಗಳ ತಳದಲ್ಲಿ ಸವೆತ ತೋರಿಸುವ ಸಣ್ಣ ದಿಂಡು ಇರುತ್ತದೆ. ಬಟನ್ ಅದರ ಮಟ್ಟಕ್ಕೆ ಬಂದಿದ್ದರೆ 1.6ಕ್ಕೆ ಇಳಿದಿದೆ ಅಂತ ಲೆಕ್ಕ. ಮಳೆಗಾಲಕ್ಕೆ ಅಷ್ಟು ಹೊತ್ತು ಕಾಯಬೇಡಿ, 3 ಮಿಲಿಮೀಟರಿಗೇ ಬದಲಿಸಿ. ನೋಡಿ ಹೇಳೋಕೆ ನಾನು ದುಡ್ಡು ತಗೊಳ್ಳೋದಿಲ್ಲ, ಆದರೆ ಜೂನ್ ಮೊದಲ ಮಳೆ ಬಿದ್ದ ದಿನ ಬರಬೇಡಿ. ಅವತ್ತು ಅಂಗಡಿ ಮುಂದೆ ಗಾಡಿ ನಿಲ್ಲಿಸೋಕೂ ಜಾಗ ಇರೋದಿಲ್ಲ.